ಇವತ್ತಿನ ಗೂಢ ಪದಬಂಧ: ‘ಹುಡುಕು ದೊರೆ!’ ಯಾರಿಗಾದರೂ ಸಿಕ್ಕಿತಾ?

ಸುಳಿವುಗಾರ (ಬೆಳಿಗ್ಗೆ 6:30)
ಎಲ್ಲರಿಗೂ ನಮಸ್ಕಾರ. ಇವತ್ತಿನ ಸುಳಿವು ಕೆಳಗಿವೆ. ಹೊಸಬರಿಗಾಗಿ ನಿಯಮ ಇನ್ನೊಮ್ಮೆ: ಒಂದು ಚೌಕಕ್ಕೆ ಒಂದು ಅಕ್ಷರ. ಗುಣಿತ, ಒತ್ತು, ಸೊನ್ನೆ ಎಲ್ಲ ಅದರ ಜೊತೆಗೇ. ‘ಬಂಗಾರ’ಕ್ಕೆ ಮೂರು ಚೌಕ, ‘ಕಣ್ಣು’ಗೆ ಎರಡು. ಹತ್ತು ಗಂಟೆವರೆಗೆ ಯಾರೂ ಉತ್ತರ ಬಾಯಿ ಬಿಡಬೇಡಿ. ಸುಳಿವಿಗೆ ಸುಳಿವು ಕೊಡಬಹುದು.

ಎಡದಿಂದ ಬಲಕ್ಕೆ
1. ಖಾರಕ್ಕೆ ಪ್ರಾಣ ಅಲ್ಪ, ಆಮೇಲೆ ಏಳು ದಿನ ಕಡಲೂರಲ್ಲಿ (4)
5. ಮದನ ತಲೆಕೆಟ್ಟಾಗ ಹತ್ತಿಕ್ಕುವುದು (3)
7. ಲೋಕ ಮಲಗಿದಾಗ ಒಳಗೊಳಗೇ ಅರಳಿದ ಹೂ (3)
8. ಹುಡುಕು ದೊರೆ! (3)
9. ಎತ್ತಲಿಂದ ಹೊಕ್ಕರೂ ವೀರನಾರಾಯಣನ ಊರು (3)

ಮೇಲಿನಿಂದ ಕೆಳಕ್ಕೆ
1. ಹಾದಿ ನೋಡಿದ, ನಡುವೆ ಗಾಂಧಾರ ನುಡಿಸಿದ, ಬಂತು ಪತ್ರ (3)
2. ಗಣಪನನ್ನು ಬರಮಾಡಿಕೊಳ್ಳುವಾಗ ತಲೆ ಹೋಗಿ ಇಲಿ ಉಳಿಯಿತೇ? (3)
3. ಸರಹದ್ದು ಯಾವಾತನ? ಕಾಲ ಹೇಳುತ್ತದೆ (4)
4. ಹಕಾರ ನುಂಗುವವನ ಹಾಡು ಕೇಳಿದರೆ ಮೇಕೆ! (2)
6. ಹದಿನೈದನೇ ಮೇಳದ ಲೆಕ್ಕದಲ್ಲಿ ಭ್ರಮೆ (2)

ಬೆಲ್ಲದ_ಚಹಾ
9 ಅಡ್ಡ ಓದಿ ಮುಗಿಸೋದರೊಳಗೆ ಆಯ್ತು. ನಮ್ಮ ಕಡೆಯವರಿಗೆ ಇದು ಪುಕ್ಕಟೆ ಕೊಟ್ಟ ಹಾಗೆ. ಉಳಿದದ್ದಕ್ಕೆ ಇನ್ನೊಂದು ಲೋಟ ಚಹಾ ಬೇಕು.

ಹೊಸಬ_ಶಿರಸಿ
ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಪೇಪರಿನ ಸಾಮಾನ್ಯ ಪದಬಂಧ ದಿನಾ ಬಿಡಿಸುತ್ತೇನೆ, ಇದು ಬೇರೆಯದೇ ಥರ ಇದೆ. 7 ಅಡ್ಡ ನೈದಿಲೆ ಅಲ್ವಾ? ಲೋಕ ಮಲಗಿದಾಗ ಅಂದರೆ ರಾತ್ರಿ. ರಾತ್ರಿ ಅರಳೋದು ನೈದಿಲೆ. ಮೂರು ಅಕ್ಷರವೂ ಸರಿ ಹೋಗುತ್ತದೆ. ಉತ್ತರ ಬರೆದದ್ದು ತಪ್ಪಾಗಿದ್ದರೆ ಅಳಿಸುತ್ತೇನೆ.

ಮೇಷ್ಟ್ರು
ಅಳಿಸಬೇಡಿ, ಅದು ಉತ್ತರವಲ್ಲ! ಸುಳಿವುಗಾರರು ನೀವು ಹಾಗೆ ಯೋಚಿಸಲಿ ಅಂತಲೇ ಬರೆದಿದ್ದಾರೆ. ಪೇಪರಿನ ಪದಬಂಧದಲ್ಲಿ ಸುಳಿವು ಒಂದು ಅರ್ಥ ಕೊಡುತ್ತದೆ, ನಾವು ಪದ ಹೇಳುತ್ತೇವೆ. ಗೂಢ ಪದಬಂಧದಲ್ಲಿ ಪ್ರತಿ ಸುಳಿವಿಗೂ ಎರಡು ದಾರಿ. ಒಂದು ತುದಿಯಲ್ಲಿ ನೇರ ಅರ್ಥ, ಇಲ್ಲಿ ‘ಹೂ’. ಮಿಕ್ಕ ಭಾಗ ಅಕ್ಷರಗಳ ಆಟ. ಎರಡೂ ದಾರಿ ಒಂದೇ ಪದಕ್ಕೆ ಬರಬೇಕು. ನೈದಿಲೆಗೆ ಹೂವಿನ ದಾರಿ ಇದೆ, ಅಕ್ಷರದ ದಾರಿ ಇಲ್ಲ. ‘ಲೋಕ ಮಲಗಿದಾಗ’ ಅನ್ನೋದರ ಅರ್ಥ ಮರೆತುಬಿಡಿ. ಅಕ್ಷರ ಒಂದೊಂದಾಗಿ ಓದಿ. ‘ಒಳಗೊಳಗೇ’ ಅಂದಿದ್ದಾರೆ, ನೆನಪಿರಲಿ.

ಹೊಸಬ_ಶಿರಸಿ
ಲೋ, ಕ, ಮ, ಲ... ಅಯ್ಯೋ! ಕಣ್ಣೆದುರೇ ಇತ್ತಲ್ಲ! ಹಗಲು ಅರಳೋ ಹೂವನ್ನು ರಾತ್ರಿಯಲ್ಲಿ ಅಡಗಿಸಿಟ್ಟಿದ್ದಾರೆ, ಕಳ್ಳರು.

ಎಡಬಲ
ಶಿರಸಿಯವರೇ, ಈಗ ನೀವು ನಮ್ಮ ಕಡೆಯವರು. ಇನ್ನು ಬಸ್ಸಿನ ಬೋರ್ಡ್ ನೋಡಿದರೂ ಅದರ ಹೊಟ್ಟೆಯಲ್ಲಿ ಏನಿದೆ ಅಂತ ಹುಡುಕುತ್ತೀರಿ. ಎಚ್ಚರಿಕೆ ಕೊಟ್ಟಿದ್ದೇನೆ.

ನನಗೆ 8 ಅಡ್ಡ ಒಂದು ಬಿಟ್ಟು ಎಲ್ಲ ಆಯ್ತು. ಅದು ಬರೀ ಎರಡು ಪದ, ಹಿಡಿಯೋಕೆ ಜಾಗವೇ ಇಲ್ಲ.

ವೀಣೆ_ತಂತಿ
6 ಕೆಳಗೆ ನನಗಾಗಿಯೇ ಬರೆದ ಹಾಗಿದೆ. ಸಂಗೀತ ಗೊತ್ತಿಲ್ಲದವರಿಗೆ ಒಂದು ಎಳೆ: ಕಟಪಯಾದಿ. ಮೇಳಕರ್ತ, ಅಂದರೆ ಮೂಲ ರಾಗಗಳ ಹೆಸರಿನ ಮೊದಲ ಎರಡು ಅಕ್ಷರದಲ್ಲೇ ಅದರ ಸಂಖ್ಯೆ ಇರುತ್ತದೆ. ಕ, ಟ, ಪ, ಯ ನಾಲ್ಕೂ ಒಂದು. ಅಲ್ಲಿಂದ ಮುಂದೆ ವರ್ಣಮಾಲೆಯ ಕ್ರಮದಲ್ಲೇ ಎಣಿಸಿಕೊಂಡು ಹೋಗಿ. ಬಂದ ಸಂಖ್ಯೆಯನ್ನು ತಿರುಗಿಸಿ ಓದಬೇಕು. ಧೀರಶಂಕರಾಭರಣ: ಧ ಒಂಬತ್ತು, ರ ಎರಡು, ತಿರುಗಿಸಿದರೆ 29. ಗುಣಿತಕ್ಕೆ ಬೆಲೆ ಇಲ್ಲ. ಇಷ್ಟು ಸಾಕು, ಮುಂದಿನದು ನಿಮಗೆ ಬಿಟ್ಟದ್ದು.

ಮದ್ದೂರ್_ವಡೆ
ಅಕ್ಕ, ಇದು ಪದಬಂಧವೋ ಸಂಗೀತದ ಜೂನಿಯರ್ ಪರೀಕ್ಷೆಯೋ?

ವೀಣೆ_ತಂತಿ
ಇಂಗ್ಲಿಷ್ ಕ್ರಿಪ್ಟಿಕ್‌ನಲ್ಲಿ, ಅಂದರೆ ಅವರ ಗೂಢ ಪದಬಂಧದಲ್ಲಿ, ಕ್ರಿಕೆಟ್ಟಿನ ಸಂಕ್ಷಿಪ್ತ ಅಕ್ಷರ, ಅವರ ಸೈನ್ಯದ ದರ್ಜೆ ಎಲ್ಲ ಬಾಯಿಪಾಠ ಮಾಡುತ್ತೀರಲ್ಲ, ನಮ್ಮದಕ್ಕೆ ಮಾತ್ರ ಯಾಕೆ ಬೇಜಾರು? ಒಂದಕ್ಷರ ಬೇಕಾದಾಗ ಕನ್ನಡದಲ್ಲಿ ಸ್ವರಗಳಿವೆ. ಷಡ್ಜ ಅಂದರೆ ಸ, ಗಾಂಧಾರ ಅಂದರೆ ಗ. ಛಂದಸ್ಸು ಬೇಕಾದರೆ ಲಘು ಲ, ಗುರು ಗ, ಅದರ ಮೇಲೆ ಎಂಟು ಗಣಗಳು. ವಿಭಕ್ತಿ ಪ್ರತ್ಯಯಗಳನ್ನು ಇನ್ನೂ ಯಾರೂ ಸರಿಯಾಗಿ ಬಳಸಿಯೇ ಇಲ್ಲ.

ಬೆಲ್ಲದ_ಚಹಾ
ಹತ್ತು ಹೊಡೀತು. ಬಾಯಿ ಬಿಡಬಹುದಾ?

ಸುಳಿವುಗಾರ (10:05)
ಬಿಡಿ. 8 ಅಡ್ಡ ಒಂದನ್ನು ಮಾತ್ರ ಮಧ್ಯಾಹ್ನದವರೆಗೆ ಹಿಡಿದಿಟ್ಟುಕೊಳ್ಳಿ.

ಎಡಬಲ
ಹಾಗಾದರೆ ಮೂಲೆಯಿಂದ ಶುರು. 1 ಅಡ್ಡ ಕಾರವಾರ. ಖಾರದ ಮಹಾಪ್ರಾಣ ತೆಗೆದರೆ ಕಾರ, ಏಳು ದಿನ ವಾರ. ನನ್ನ ಮಟ್ಟಿಗೆ ಇವತ್ತಿನ ಅತ್ಯುತ್ತಮ ಸುಳಿವು ಇದೇ. ಈ ಆಟ ಇಂಗ್ಲಿಷಿನಲ್ಲಿ ಆಡೋಕೇ ಆಗಲ್ಲ. ‘ಪ್ರಾಣ ಅಲ್ಪ’ ಅಂದಾಗ ನಾನು ಯಾರೋ ಸತ್ತರು ಅಂದುಕೊಂಡೆ! ‘ಕಡಲೂರು’ ನೋಡಿ ಒಂದಷ್ಟು ಹೊತ್ತು ತಮಿಳುನಾಡಿಗೂ ಹೋಗಿ ಬಂದೆ.

ಅಲ್ಲಿಂದ ಕೆಳಗೆ ಕಾಗದ. ಹಾದಿ ನೋಡಿದ ಅಂದರೆ ಕಾದ, ನಡುವೆ ಗ. 2 ಕೆಳಗೆ ವಾಹನ, ಆವಾಹನದ ತಲೆ ಹೋಯಿತು. 5 ಅಡ್ಡ ದಮನ, ಕಾಗದದ ದ ಮತ್ತು ವಾಹನದ ನ ಎರಡೂ ಕೂತವು. 9 ಅಡ್ಡ ಗದಗ, ಹಿಂದಿನಿಂದ ಓದಿದರೂ ಗದಗವೇ.

ಲೀಡ್ಸ್_ಕನ್ನಡತಿ
ಇಲ್ಲಿ ಇಂಗ್ಲೆಂಡಿನಲ್ಲಿ ಈಗಷ್ಟೇ ಬೆಳಗಾಗಿದೆ, ನೀವೆಲ್ಲ ಮುಗಿಸಿಬಿಟ್ಟಿದ್ದೀರಿ. ಆದರೂ ನನ್ನದೊಂದು ತಕರಾರು ದಾಖಲಾಗಲಿ. 3 ಕೆಳಗೆ ಗಡಿಯಾರ. ಸರಹದ್ದು ಗಡಿ, ಯಾವಾತನ ಅಂದರೆ ಯಾರ. ತುಂಬಾ ಚೆನ್ನಾಗಿದೆ. ಆದರೆ ‘ಕಾಲ ಹೇಳುತ್ತದೆ’ ಅನ್ನೋದು ಒಂದು ಇಡೀ ವಾಕ್ಯ, ಗಡಿಯಾರ ಒಂದು ವಸ್ತು. ವಾಕ್ಯ ವಸ್ತುವಿನ ಅರ್ಥ ಆಗೋದು ಹೇಗೆ? ‘ಕಾಲ ಹೇಳುವಂಥದ್ದು’ ಅಂತ ಇರಬೇಕಿತ್ತು.

ಸುಳಿವುಗಾರ
‘ಕಾಲ ಹೇಳುವಂಥದ್ದು’ ಅಂತ ಬರೆದರೆ ಓದಿದ ತಕ್ಷಣ ಗಡಿಯಾರ ಎದುರು ನಿಲ್ಲುತ್ತದೆ. ಗಡಿ ಯಾರದು ಅಂತ ಕೇಳಿದರೆ ನಮ್ಮಲ್ಲಿ ಯಾರಾದರೂ ‘ಕಾಲವೇ ಹೇಳಬೇಕು’ ಅಂತಾರೆ. ಆ ಮಾತಿನ ಧಾಟಿ ಉಳಿಸಬೇಕಿತ್ತು. ಉಳಿಸಿದ್ದೇನೆ. ಬದಲಾಯಿಸಲ್ಲ.

ಲೀಡ್ಸ್_ಕನ್ನಡತಿ
ಇದು ಇಲ್ಲಿನ ಹಳೇ ಜಗಳ ಸಾರ್. ಈ ಆಟಕ್ಕೆ ಗೂಢ ರೂಪ ಕೊಟ್ಟವರಲ್ಲಿ ಮೊದಲ ದೊಡ್ಡ ಹೆಸರು ಟಾರ್ಕೆಮಾಡಾ, ಅದು ಗುಪ್ತನಾಮ. 1926ರಿಂದ ಅಬ್ಸರ್ವರ್ ಪತ್ರಿಕೆಗೆ ಮಾಡುತ್ತಿದ್ದರು. ಅವರಿಗೆ ನಿಯಮ ಅಂತ ಹೆಚ್ಚೇನೂ ಇರಲಿಲ್ಲ. 1939ರಲ್ಲಿ ಅವರ ಜಾಗಕ್ಕೆ ಬಂದ ಕ್ಸಿಮಿನೀಸ್ ಎಲ್ಲಕ್ಕೂ ಶಿಸ್ತು ತಂದರು: ಅರ್ಥ ಖಚಿತವಾಗಿರಬೇಕು, ಅಕ್ಷರದ ಆಟ ನ್ಯಾಯವಾಗಿರಬೇಕು, ಬೇರೆ ಏನೂ ಇರಬಾರದು. ಅಫ್ರಿಟ್ ಅನ್ನೋ ಇನ್ನೊಬ್ಬರು ಇದನ್ನೇ ಚುಟುಕಾಗಿ ಹೇಳಿದ್ದರು: ಸುಳಿವು ಬರೆಯುವವನ ಮಾತಿಗೆ ಮೇಲ್ನೋಟದ ಅರ್ಥವೇ ಇರಬೇಕೆಂದಿಲ್ಲ, ಆದರೆ ಅವನ ಮನಸ್ಸಿನಲ್ಲಿರುವ ಅರ್ಥ ಆ ಮಾತಿನಲ್ಲಿ ಇರಲೇಬೇಕು. ನಿಮ್ಮ ಗಡಿಯಾರ ಮೊದಲನೆಯದರಲ್ಲಿ ಪಾಸು, ಎರಡನೆಯದರಲ್ಲಿ ಅರ್ಧ ಅಂಕ.

ಸುಳಿವುಗಾರ
ಅರ್ಧ ಅಂಕ ಸಾಕು. ಗಾರ್ಡಿಯನ್‌ನ ಅರೌಕೇರಿಯಾ ಕೂಡ ನಿಯಮ ಸಡಿಲ ಬಿಡುತ್ತಿದ್ದರು, ಜನ ಅವರನ್ನು ಪ್ರೀತಿಸಲಿಲ್ಲವೇ?

ಲೀಡ್ಸ್_ಕನ್ನಡತಿ
ಅವರ ಹೆಸರು ತೆಗೆದರೆ ನಾನು ಸೋಲುತ್ತೇನೆ ಅಂತ ನಿಮಗೆ ಗೊತ್ತು. ಉಳಿದವರಿಗೆ ಹೇಳುತ್ತೇನೆ. ಅರೌಕೇರಿಯಾ ಅಂದರೆ ಜಾನ್ ಗ್ರಹಾಂ, ಪಾದ್ರಿಯಾಗಿದ್ದವರು. 2013ರ ಜನವರಿಯಲ್ಲಿ ತಮಗೆ ಅನ್ನನಾಳದ ಕ್ಯಾನ್ಸರ್ ಆಗಿದೆ ಅನ್ನೋದನ್ನು ಓದುಗರಿಗೆ ಒಂದು ಪದಬಂಧದಲ್ಲೇ ತಿಳಿಸಿದರು. ಬಿಡಿಸುತ್ತಾ ಹೋದವರಿಗೆ ಒಂದೊಂದೇ ಉತ್ತರದಲ್ಲಿ ವಿಷಯ ಗೊತ್ತಾಯಿತು. ಅದೇ ವರ್ಷ ನವೆಂಬರಿನಲ್ಲಿ ತೀರಿಕೊಂಡರು, 92 ವರ್ಷ. ಸುದ್ದಿ ಹೇಳೋಕೆ ಅದಕ್ಕಿಂತ ಮರ್ಯಾದೆಯ ದಾರಿ ನಾನಂತೂ ಕಂಡಿಲ್ಲ.

ಆದರೂ ‘ಕಾಲ ಹೇಳುತ್ತದೆ’ ಸರಿಯಲ್ಲ.

ಬೆಲ್ಲದ_ಚಹಾ
😂 ಬಿಡಲ್ಲ ಈ ಅಕ್ಕ.

ಹೊಸಬ_ಶಿರಸಿ
ನನ್ನದೂ ಒಂದು ಪ್ರಶ್ನೆ. 2 ಕೆಳಗೆ ‘ಇಲಿ’ ಅಂದರೆ ವಾಹನ ಹೇಗೆ? ಇಲಿ ಒಂದು ವಾಹನ, ಒಪ್ಪಿದೆ. ಆದರೆ ವಾಹನ ಅಂದರೆ ಇಲಿಯೇ ಅಲ್ಲವಲ್ಲ. ನವಿಲು, ಗರುಡ, ಎಮ್ಮೆ, ಕೋಣ ಎಲ್ಲ ಇವೆ.

ಮೇಷ್ಟ್ರು
ಭೇಷ್! ಮೊದಲ ದಿನವೇ ಈ ಪ್ರಶ್ನೆ ಕೇಳಿದಿರಿ. ಉದಾಹರಣೆಯನ್ನೇ ಅರ್ಥವಾಗಿ ಕೊಟ್ಟರೆ ಅದಕ್ಕೊಂದು ಗುರುತು ಬೇಕು. ಸುಳಿವಿನ ಕೊನೆಯ ಪ್ರಶ್ನಾರ್ಥಕ ಚಿಹ್ನೆ ನೋಡಿ, ‘ಉದಾಹರಣೆಗೆ’ ಅನ್ನೋ ಕೆಲಸ ಅದು ಮಾಡುತ್ತಿದೆ. ಎಮ್ಮೆ ಮತ್ತು ಕೋಣ ಎರಡೂ ಯಾಕೆ ಬಂದವು ಅಂತ ಮಾತ್ರ ತಿಳಿಯಲಿಲ್ಲ, ಯಮನಿಗೆ ಒಂದೇ ಸಾಕು.

ಎಡಬಲ
ನನಗೆ ಬೇಸರ ತಂದದ್ದು ದಮನ. ‘ಮದನ ತಲೆಕೆಟ್ಟಾಗ’ ಅಂದ ಮೇಲೆ ಅಕ್ಷರ ಕಲಸಬೇಕು ಅಂತ ಯಾರಿಗೂ ಗೊತ್ತಾಗುತ್ತದೆ. ಮೂರು ಅಕ್ಷರವನ್ನು ಜೋಡಿಸೋಕೆ ಇರೋದೇ ಆರು ರೀತಿ, ಒಂದು ಸುಳಿವಲ್ಲೇ ಇದೆ. ಉಳಿದ ಐದರಲ್ಲಿ ಅರ್ಥ ಇರೋದು ಹುಡುಕೋಕೆ ಎಷ್ಟು ಹೊತ್ತು ಬೇಕು? ಇಂಗ್ಲಿಷಿನಲ್ಲಿ ಎಂಟು, ಒಂಬತ್ತು ಅಕ್ಷರ ಕಲಸುತ್ತಾರೆ, ಅಲ್ಲಿ ಅದಕ್ಕೆ ತೂಕ ಇದೆ. ಕನ್ನಡದಲ್ಲಿ ಈ ಉಪಾಯ ಸಪ್ಪೆ. ಮದನ ಅಂತ ನೇರ ಕೊಡದೆ ‘ಮನ್ಮಥ ತಲೆಕೆಟ್ಟಾಗ’ ಅಂದಿದ್ದರೆ ಕೆಲಸ ಇರುತ್ತಿತ್ತು. ಮೊದಲು ಮನ್ಮಥನಿಂದ ಮದನ, ಆಮೇಲೆ ಕಲಸು.

ಲೀಡ್ಸ್_ಕನ್ನಡತಿ
ಅದು ಮಾತ್ರ ಬೇಡ! ಕಲಸಬೇಕಾದ ಅಕ್ಷರಗಳು ಸುಳಿವಿನಲ್ಲೇ ಕಾಣಬೇಕು. ಸಮಾನಾರ್ಥಕ ಹುಡುಕಿ ಅದನ್ನು ಕಲಸು ಅನ್ನೋದು ಇಲ್ಲಿ ಯಾವ ಪತ್ರಿಕೆಯೂ ಒಪ್ಪಲ್ಲ.

ಎಡಬಲ
ಅಲ್ಲಿ ಒಪ್ಪಲ್ಲ ಯಾಕೆ? ಒಂಬತ್ತು ಅಕ್ಷರದ ಪದ ಊಹಿಸಿ ಅದನ್ನು ಕಲಸೋದಕ್ಕೆ ಕೊನೆಯೇ ಇಲ್ಲ ಅಂತ. ಕಾಮನಿಗೆ ಮೂರಕ್ಷರದ ಹೆಸರು ಎಷ್ಟಿದ್ದಾವು? ಪ್ರತಿಯೊಂದಕ್ಕೂ ಆರೇ ರೀತಿ. ಕಾರಣ ಇಲ್ಲದ ಕಡೆ ನಿಯಮ ಮಾತ್ರ ಯಾಕೆ ಹೊತ್ತು ತರಬೇಕು?

ಮೇಷ್ಟ್ರು
ಎಡಬಲ ಹೇಳಿದ್ದರಲ್ಲಿ ಹುರುಳಿದೆ. ಇದಕ್ಕೆ ಇನ್ನೊಂದು ಮುಖವೂ ಇದೆ. ಇಂಗ್ಲಿಷಿನಲ್ಲಿ ಒಂದು ಚೌಕಕ್ಕೆ 26ರಲ್ಲಿ ಒಂದು ಅಕ್ಷರ. ನಮ್ಮಲ್ಲಿ ಒಂದೊಂದು ವ್ಯಂಜನಕ್ಕೂ ಒಂದು ಸಾಲು ಗುಣಿತ, ಮೇಲೆ ಒತ್ತಕ್ಷರ. ಚೌಕದಲ್ಲಿ ಬರಬಹುದಾದ್ದು ನೂರಾರು. ಅಂದಮೇಲೆ ಅಡ್ಡ ಬರುವ ಪದದಿಂದ ಒಂದು ಅಕ್ಷರ ಸಿಕ್ಕಿದರೆ ಕನ್ನಡದಲ್ಲಿ ಬಹಳ ಸಿಕ್ಕಿದ ಹಾಗೆ. ಇವತ್ತು ‘ವಾ’ ಸಿಕ್ಕ ಮೇಲೆ ವಾಹನ ಎಷ್ಟು ಬೇಗ ಬಂತು ನೋಡಿ. ಬಿಡಿಸುವವರಿಗೆ ಸುಲಭ, ಮಾಡುವವರಿಗೆ ಕಷ್ಟ. ಎರಡು ಪದ ‘ಳ್ಳಿ’ಯಲ್ಲಿ ಕೂಡಬೇಕು ಅಂದರೆ ಸುಳಿವುಗಾರರ ರಾತ್ರಿಯ ನಿದ್ದೆ ಹೋಯಿತು.

ಅದಕ್ಕೇ ನನ್ನ ಅಭಿಪ್ರಾಯ: ಕನ್ನಡದಲ್ಲಿ ಸುಳಿವು ಇನ್ನಷ್ಟು ಗಟ್ಟಿ ಇರಲಿ. ಚೌಕಗಳೇ ಜಾಸ್ತಿ ಸಹಾಯ ಮಾಡುತ್ತವೆ.

ಸುಳಿವುಗಾರ
‘ಳ್ಳಿ’ ನೆನಪಿಸಬೇಡಿ. ಹುಬ್ಬಳ್ಳಿ ಹಾಕಬೇಕು ಅಂತ ತುಂಬಾ ದಿನದಿಂದ ಆಸೆ. ಅಡ್ಡಕ್ಕೆ ತಳ್ಳಿಹಾಕು, ಬೆಳ್ಳಿ, ಬಳ್ಳಿ, ಹಳ್ಳಿ, ಅಷ್ಟೇ ಸುತ್ತುತ್ತಿದ್ದೇನೆ.

ಮದ್ದೂರ್_ವಡೆ
ಈಗ ನನ್ನ ಸರದಿ. 4 ಕೆಳಗೆ ಆಡು. ಹಾಡಿನ ಹ ಹೋಗಿ ಆಡು, ಅಂದರೆ ಮೇಕೆ. ಬಿಡಿಸಿದೆ, ನಕ್ಕೆ. ಆದರೆ ಹಾಲನ್ನು ‘ಆಲು’ ಅನ್ನೋ ನಮ್ಮ ಅಜ್ಜಿ ಹಾಡು ಮೇಕೆ ಹಾಡಿದ ಹಾಗಿರಲಿಲ್ಲ. ಪದಬಂಧದಲ್ಲಿ ಯಾವಾಗ ನೋಡಿದರೂ ಹಕಾರದ ತಮಾಷೆ ನಮ್ಮ ಸೀಮೆಯ ಮೇಲೇ ಯಾಕೆ?

ಸುಳಿವುಗಾರ
ಸುಳಿವಲ್ಲಿ ಯಾವ ಸೀಮೆಯ ಹೆಸರೂ ಇಲ್ಲ ಗುರೂ. ನಮ್ಮ ಮನೆಯಲ್ಲೂ ಹಕಾರ ಹಬ್ಬಕ್ಕೆ ಮಾತ್ರ. ಹೇಳಿದಂತೆ ಬರೆಯೋ ಭಾಷೆಯಲ್ಲಿ ‘ಕೇಳಿಸಿದ ಹಾಗೆ’ ಅನ್ನೋ ಸುಳಿವು ಮಾಡೋದೇ ಕಷ್ಟ. ಇಂಗ್ಲಿಷಿನವರಿಗೆ ಒಂದೇ ಉಚ್ಚಾರಕ್ಕೆ ಎರಡು ಮೂರು ಕಾಗುಣಿತ ಇದೆ. ನಮಗೆ ಇರೋದು ಆಡುಮಾತಿನ ವ್ಯತ್ಯಾಸ ಮಾತ್ರ.

ಮದ್ದೂರ್_ವಡೆ
ಸರಿ, ಹಾಗಿದ್ದರೆ ಧಾರವಾಡ, ಮಂಗಳೂರು, ಕುಂದಾಪುರದ ಆಡುಮಾತೂ ಬರಲಿ. ಎಲ್ಲರನ್ನೂ ಸಮನಾಗಿ ಗೋಳು ಹುಯ್ದುಕೊಳ್ಳಿ.

ಬೆಲ್ಲದ_ಚಹಾ
ನಾ ಧಾರವಾಡದ್ದು ಬರೆದು ಕೊಡ್ತೀನಿ. ಆಮ್ಯಾಲೆ ಬೆಂಗಳೂರಿನವರು ನಿಘಂಟು ಕೇಳಬ್ಯಾಡ್ರಿ ಮತ್ತ.

ವೀಣೆ_ತಂತಿ
6 ಕೆಳಗೆ ಯಾರೂ ಬರೆದಿಲ್ಲ, ನಾನೇ ಹೇಳುತ್ತೇನೆ. ಮಾಯೆ. ಮ ಐದು, ಯ ಒಂದು, ತಿರುಗಿಸಿದರೆ 15. ಹದಿನೈದನೇ ಮೇಳ ಮಾಯಾಮಾಳವಗೌಳ, ಸಂಗೀತ ಕಲಿಯೋಕೆ ಶುರು ಮಾಡುವವರು ಮೊದಲು ಹಾಡುವ ರಾಗ. ರಾಗದ ಹೆಸರೇ ಮಾಯಾ ಅಂತ ಶುರುವಾಗೋದರಿಂದ ಲೆಕ್ಕ ಗೊತ್ತಿಲ್ಲದವರಿಗೂ ಸಿಗುತ್ತದೆ. ಇದು ಎರಡು ಬಾಗಿಲಿನ ಸುಳಿವು, ಶಹಭಾಷ್.

ಹೊಸಬ_ಶಿರಸಿ
ಇದೆಲ್ಲ ನೋಡಿದರೆ ನಮ್ಮಲ್ಲಿ ಈ ಆಟ ಮೊದಲಿಂದಲೇ ಇತ್ತು ಅನಿಸುತ್ತದೆ. ಕನಕದಾಸರ ಮುಂಡಿಗೆ, ಅಲ್ಲಮನ ಬೆಡಗಿನ ವಚನ ಎಲ್ಲ ಗೂಢ ಸುಳಿವುಗಳೇ ಅಲ್ವಾ?

ಮೇಷ್ಟ್ರು
ಈ ಮಾತು ತುಂಬಾ ಜನ ಹೇಳುತ್ತಾರೆ, ನಾನು ಒಪ್ಪಲ್ಲ. ಮುಂಡಿಗೆ ಓದುವಾಗ ಮರ ಅಂದರೆ ದೇಹ, ಹಕ್ಕಿ ಅಂದರೆ ಜೀವ ಅಂತ ಗುರುಗಳು ಹೇಳಿಕೊಡುತ್ತಾರೆ. ಹೇಳಿಕೊಡದೆ ಇದ್ದರೆ ನೀವು ಬಿಡಿಸಿದ್ದು ಸರಿಯೋ ತಪ್ಪೋ ಅಂತ ಪದ್ಯ ನಿಮಗೆ ಹೇಳುವುದಿಲ್ಲ. ಗೂಢ ಪದಬಂಧದ ಸೊಗಸು ಅಲ್ಲೇ ಇರೋದು. ಸರಿಯಾದ ಉತ್ತರ ಸಿಕ್ಕ ಕ್ಷಣ ಯಾರನ್ನೂ ಕೇಳಬೇಕಿಲ್ಲ. ನೀವು ಬೆಳಿಗ್ಗೆ ಕಮಲ ಸಿಕ್ಕಾಗ ನನ್ನನ್ನು ‘ಸರಿಯಾ’ ಅಂತ ಕೇಳಲಿಲ್ಲ, ಗಮನಿಸಿದಿರಾ?

ಹೋಲಿಸಲೇಬೇಕು ಅಂದರೆ ಅವಧಾನ, ಅಂದರೆ ಸಭೆಯಲ್ಲಿ ಕೇಳಿದ್ದಕ್ಕೆ ಸ್ಥಳದಲ್ಲೇ ಪದ್ಯ ಕಟ್ಟುವ ಕಲೆ, ಹತ್ತಿರ ಬರುತ್ತದೆ. ಅದರ ನಿಷೇಧಾಕ್ಷರಿಯಲ್ಲಿ ಪ್ರಶ್ನೆ ಹಾಕುವ ಪೃಚ್ಛಕ ಒಂದೊಂದೇ ಅಕ್ಷರ ಬೇಡ ಅನ್ನುತ್ತಾ ಹೋಗುತ್ತಾನೆ, ಅವಧಾನಿ ಬೇರೆ ಅಕ್ಷರ ಹಿಡಿದು ಪದ್ಯ ಮುಂದುವರಿಸಬೇಕು. ಶತಾವಧಾನಿ ಗಣೇಶರ ಅವಧಾನ ನೋಡಿದವರಿಗೆ ಗೊತ್ತು, ಅಲ್ಲಿ ಅರ್ಥದಷ್ಟೇ ಅಕ್ಷರಕ್ಕೂ ಬೆಲೆ.

ವೀಣೆ_ತಂತಿ
ಮೇಷ್ಟ್ರೇ, ಮುಂಡಿಗೆಯನ್ನು ಅಷ್ಟು ಸುಲಭಕ್ಕೆ ಹೊರಗೆ ಹಾಕಬೇಡಿ. ಬಿಡಿಸಿಯೇ ಮುಗಿಸಬೇಕು ಅನ್ನೋ ಹಟ ಇರದವರಿಗೂ ಒಗಟು ಬೇಕು.

ಮೇಷ್ಟ್ರು
ಬೇಕು, ಖಂಡಿತ. ಚೌಕಕ್ಕೆ ಮಾತ್ರ ಬೇಡ.

ಬೆಲ್ಲದ_ಚಹಾ
ನಾನು ಈ ಹುಚ್ಚು ಹಿಡಿಸಿಕೊಂಡಿದ್ದು ‘ದಿ ಹಿಂದೂ’ ಪತ್ರಿಕೆಯಿಂದ. ಅವರದು 1971ರಲ್ಲಿ ಶುರುವಾಯ್ತು. ಮೊದಲು ಮಾಡುತ್ತಿದ್ದವರು ಅಡ್ಮಿರಲ್ ಕಟಾರಿ, ನಮ್ಮ ನೌಕಾಪಡೆಯ ಮುಖ್ಯಸ್ಥರಾಗಿ ನಿವೃತ್ತರಾದವರು. ಯುದ್ಧನೌಕೆ ನಡೆಸಿದವರು ಚೌಕ ತುಂಬಿಸೋಕೆ ಕೂತರು ಅಂದರೆ ಇದರಲ್ಲಿ ಏನೋ ಇರಬೇಕು ಅಂತ ನಾನು ಮನೆಯಲ್ಲಿ ವಾದ ಮಾಡುತ್ತೇನೆ. ಮನೆಯವರು ಒಪ್ಪಿಲ್ಲ.

ಲೀಡ್ಸ್_ಕನ್ನಡತಿ
ಉಲ್ಟಾನೂ ನಡೆದಿದೆ. 1942ರಲ್ಲಿ ಡೈಲಿ ಟೆಲಿಗ್ರಾಫ್ ಒಂದು ಸ್ಪರ್ಧೆ ಇಟ್ಟಿತ್ತು, 12 ನಿಮಿಷದೊಳಗೆ ಪದಬಂಧ ಮುಗಿಸಬೇಕು. ಆಮೇಲೆ ಭಾಗವಹಿಸಿದವರಲ್ಲಿ ಕೆಲವರಿಗೆ ಯುದ್ಧ ಇಲಾಖೆಯಿಂದ ಕರೆ ಬಂತು. ಕೆಲಸ ಬ್ಲೆಚ್ಲಿ ಪಾರ್ಕಿನಲ್ಲಿ, ಶತ್ರುವಿನ ಸಂಕೇತ ಒಡೆಯೋದು. ಮನೆಯಲ್ಲಿ ಇದನ್ನೂ ಹೇಳಿ ನೋಡಿ.

ಮದ್ದೂರ್_ವಡೆ
ಎಲ್ಲ ಸರಿ, 8 ಅಡ್ಡ ಯಾರಾದರೂ ಹೇಳ್ರಪ್ಪಾ. ‘ಹುಡುಕು ದೊರೆ!’ ನಾನು ಟಿಪ್ಪು, ಪುಲಕೇಶಿ, ನೃಪ, ಎಲ್ಲ ಹಾಕಿ ನೋಡಿದೆ. ಅಕ್ಷರ ಕಲಸೋ ಪದ ಇಲ್ಲ, ಅಡಗಿಸೋ ಪದ ಇಲ್ಲ.

ಎಡಬಲ
ನಾನು ‘ದೊರೆ’ಯನ್ನು ‘ಸಿಗು’ ಅಂತ ಓದಿಕೊಂಡು ದಾರಿ ತಪ್ಪಿದೆ. ಹುಡುಕು, ಸಿಗು. ಏನೂ ಸಿಗಲಿಲ್ಲ.

ಸುಳಿವುಗಾರ (12:20)
ಒಂದು ಎಳೆ: ಮಧ್ಯದ ಚೌಕ ‘ರ’, ಗಡಿಯಾರದ್ದೇ. ಇನ್ನೊಂದು: ಸುಳಿವಿನಲ್ಲಿ ಅಕ್ಷರದ ಆಟ ಇರಲೇಬೇಕು ಅಂತ ಯಾರು ಹೇಳಿದರು? ಎರಡು ದಾರಿಯೂ ನೇರ ಅರ್ಥವೇ ಆಗಬಹುದು.

ಹೊಸಬ_ಶಿರಸಿ
ಅರಸು!! ಹುಡುಕು ಅಂದರೆ ಅರಸು. ದೊರೆ ಅಂದರೂ ಅರಸು!

ಎಡಬಲ
ಥೂ! ಇಷ್ಟೇನಾ. ಬೆಳಿಗ್ಗೆಯಿಂದ ಇದನ್ನೇ ಅರಸುತ್ತಿದ್ದೆ.

ಲೀಡ್ಸ್_ಕನ್ನಡತಿ
ಎರಡೇ ಪದ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ಕ್ಸಿಮಿನೀಸ್ ಬಂದರೂ ತಕರಾರು ಮಾಡಲ್ಲ. ಈ ಸುಳಿವಿಗೆ ಪೂರ್ತಿ ಅಂಕ, ಗಡಿಯಾರದ ಅರ್ಧ ಅಂಕ ಹಾಗೇ ಇರುತ್ತದೆ.

ಸುಳಿವುಗಾರ
ಶಿರಸಿಯವರೇ, ಕೊನೆಯದನ್ನು ಬಿಡಿಸಿದವರು ನಾಳೆಗೆ ಒಂದು ಸುಳಿವು ಬರೆದುಕೊಡಬೇಕು, ಇಲ್ಲಿನ ಪದ್ಧತಿ ಅದು. ಎರಡಕ್ಷರದ್ದಾದರೂ ಪರವಾಗಿಲ್ಲ.

ಹೊಸಬ_ಶಿರಸಿ (1:15)
ಊಟ ಬಿಟ್ಟು ಬರೆದಿದ್ದೇನೆ, ಬೈಯಬೇಡಿ:
ಹೊಳೆ ಹಿಂದಕ್ಕೆ ಹರಿಯಿತು, ಇಪ್ಪತ್ತನಾಲ್ಕು ಗಂಟೆ (2)

ಮೇಷ್ಟ್ರು
ನದಿ ತಿರುಗಿದರೆ ದಿನ. ಗುಣಿತ ಅಕ್ಷರದ ಜೊತೆಗೇ ಹೋಗುತ್ತದೆ, ಹಾಗಾಗಿ ಸರಿ. ಓದೋಕೂ ಒಂದು ಸುದ್ದಿಯ ಹಾಗಿದೆ. ಹತ್ತು ಗಂಟೆ ನಿಯಮ ಮುರಿದು ನಾನೇ ಉತ್ತರ ಹೇಳಿಬಿಟ್ಟೆ, ಹಾಗಾಗಿ ನಾಳೆಗೆ ಇನ್ನೊಂದು ಬರೆಯಿರಿ.

ಹೊಸಬ_ಶಿರಸಿ
ಮೇಷ್ಟ್ರೇ!!